ಟ್ರಯಲ್ ಅಣ್ಣ

ರಾಮನಗರದ ಗೂಡಿನ ಮಾರುಕಟ್ಟೆ ಹತ್ತಿರ ಒಬ್ಬ, ಮಾಗಡಿ ಕೋಟೆಯ ಕಡೆ ಒಬ್ಬ, ಕನಕಪುರ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಒಬ್ಬ. ಚನ್ನಪಟ್ಟಣದಲ್ಲಂತೂ ಬೀದಿಗೊಬ್ಬ. ಕೊರಳಲ್ಲಿ ಇನ್ನೂ ಕಂತು ತೀರದ ಕ್ಯಾಮೆರಾ, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು. ನಾಮಕರಣ, ಬೀಗರೂಟ, ಕಬ್ಬಾಳಮ್ಮನ ಹರಕೆ, ಎಲ್ಲಿಗೆ ಕರೆದರೂ ಬರುತ್ತಾನೆ, ನೂರಾರು ಫೋಟೋ ಹೊಡೆಯುತ್ತಾನೆ, ಒಂದು ರೂಪಾಯಿ ಕೇಳುವುದಿಲ್ಲ. ನಾವೂ ಫೋಟೋ ಕೇಳಬಾರದು, ಅಷ್ಟೆ.

"ಎಡಿಟಿಂಗ್ ಬಾಕಿ ಐತೆ ಕಣಕ್ಕ. ಸಾಫ್ಟ್‌ವೇರ್ ನೋಡ್ತಾ ಇವ್ನಿ."

ನಾಮಕರಣದ ಮಗು ಈಗ ಅಂಗನವಾಡಿಗೆ ಹೋಗುತ್ತಿದೆ. ಜಿಲ್ಲೆಯ ಹೆಸರನ್ನೇ 2025ರಲ್ಲಿ ಸರ್ಕಾರ ಎಡಿಟ್ ಮಾಡಿ ಬೆಂಗಳೂರು ದಕ್ಷಿಣ ಅಂತ ಸೇವ್ ಮಾಡಿಬಿಟ್ಟಿತು. ಟ್ರಯಲ್ ಅಣ್ಣ ಮಾತ್ರ ಇನ್ನೂ ನೋಡುತ್ತಲೇ ಇದ್ದಾನೆ.

ಅಡೋಬಿಯವರು ಫೋಟೋಶಾಪನ್ನು ಏಳು ದಿನ ಟ್ರಯಲ್ ಎಂದು ಬಿಟ್ಟಿ ಬಳಸಲು ಕೊಡುತ್ತಾರೆ. ಅವನ ಹೆಸರಿನ ಏಳು ದಿನ ಎಂದೋ ಮುಗಿದಿವೆ. ಆಮೇಲೆ ಹೆಂಡತಿಯ ಹೆಸರಲ್ಲಿ, ಬಾಮೈದನ ಹೆಸರಲ್ಲಿ, ಕೊನೆಗೆ ಅವ್ವನ ಹೆಸರಲ್ಲೂ ಒಂದೊಂದು ಇಮೇಲ್ ಹುಟ್ಟಿದವು. ರೇಷ್ಮೆಹುಳು ಮೇಯಿಸುವ ಆ ತಾಯಿಗೆ ತಾನು ಫೋಟೋಶಾಪ್ ಗಿರಾಕಿ ಎಂಬ ಸುದ್ದಿ ಇವತ್ತಿಗೂ ತಲುಪಿಲ್ಲ. ಮೊದಲ ಐದು ದಿನ ವಿಡಿಯೋ ನೋಡಿ ಕಲಿಯುವುದಕ್ಕೆ. ಆರನೇ ದಿನ ಕಾರ್ಡಿನಿಂದ ದುಡ್ಡು ಕಟ್ಟಾಗುವ ಮೊದಲು ಕ್ಯಾನ್ಸಲ್ ಮಾಡುವುದಕ್ಕೆ. ಏಳನೇ ದಿನ ನಿಜವಾಗಿ ಕ್ಯಾನ್ಸಲ್ ಆಯಿತೋ ಇಲ್ಲವೋ ಎಂದು ಬ್ಯಾಂಕಿನ ಮೆಸೇಜು ಕಾಯುವುದಕ್ಕೆ. ಇಂಥ ನಾಲ್ಕು ಟ್ರಯಲ್ ಮುಗಿಯುವಷ್ಟರಲ್ಲಿ ಅವ್ವನ ಹುಳುಗಳು ನಾಲ್ಕು ಜ್ವರ ದಾಟಿ, ಚಂದ್ರಿಕೆ ಹತ್ತಿ, ಗೂಡು ಕಟ್ಟಿ ಮುಗಿಸಿರುತ್ತವೆ.

ಅವನಿಗೆ ಏನೂ ಗೊತ್ತಿಲ್ಲ ಎಂದುಕೊಂಡೀರಿ. ಗೊತ್ತಿರುವುದೇ ಅವನ ಕಾಯಿಲೆ. ಫೋಟೋಶಾಪ್ ಹುಟ್ಟಿದ್ದು 1990ರಲ್ಲಿ, 2013ರಿಂದ ಹೊಸದನ್ನು ಒಂದೇ ಸಲ ದುಡ್ಡು ಕೊಟ್ಟು ಕೊಳ್ಳುವುದು ನಿಂತು ತಿಂಗಳ ಬಾಡಿಗೆ ಶುರುವಾಯಿತು ಎನ್ನುವುದನ್ನು ತನ್ನ ಮನೆ ಪಾಲಾದ ಕಥೆಯಂತೆ ಹೇಳುತ್ತಾನೆ. ಡಾಲರಿನ ರೇಟು, ಅದರ ಮೇಲೆ ಹದಿನೆಂಟು ಪರ್ಸೆಂಟು ಜಿಎಸ್‌ಟಿ, ಎಲ್ಲ ನಾಲಗೆ ತುದಿಯಲ್ಲಿ. "ತಿಂಗ್ಳು ತಿಂಗ್ಳು ಕಟ್ಟೋಕೆ ಇದೇನು ಕರೆಂಟ್ ಬಿಲ್ಲಾ?"

ಹಾಗಾದರೆ ಗಿಂಪ್ ಎಂಬ ಸಾಫ್ಟ್‌ವೇರ್ ಹಾಕಿಕೋ ಅಂದರೆ ಮುಖ ಹುಳ್ಳಗೆ. ಅದು 1996ರಿಂದ ಯಾರಿಂದಲೂ ಬಿಡಿಗಾಸು ಕೇಳಿಲ್ಲ. ಕನ್ನಡ ಯೂನಿಕೋಡ್ ಅಕ್ಷರವನ್ನು ಒತ್ತು ಚೆಲ್ಲಾಪಿಲ್ಲಿಯಾಗದಂತೆ ಕೂರಿಸುತ್ತದೆ. ಹಳೇ ಫೋಟೋಶಾಪಿನಲ್ಲಿ 'ಹುಟ್ಟುಹಬ್ಬ' ಎಂದು ಬರೆಯಲು ನುಡಿ ಫಾಂಟಿನ ಕಾಲು ಹಿಡಿಯಬೇಕಿತ್ತು. ಇದನ್ನೆಲ್ಲ ನನಗೆ ಹೇಳಿಕೊಟ್ಟವನೂ ಅವನೇ. ಆದರೆ ತೀರ್ಪು ಬೇರೆ: "ಪುಕ್ಸಟ್ಟೆ ಕೊಡ್ತಾವ್ರೆ ಅಂದ್ರೆ ಏನೋ ಐತೆ ಬುಡಣ್ಣ."

ಅಫಿನಿಟಿ ಎಂಬ ಇನ್ನೊಂದು ಸಾಫ್ಟ್‌ವೇರ್ ಮೇಲೆ ಅವನಿಗೆ ಬಹಳ ಆಸೆಯಿತ್ತು. ಒಂದೇ ಸಲ ಕಾಸು ಕೊಟ್ಟರೆ ಮುಗಿಯಿತು, ಬಾಡಿಗೆಯ ಕಾಟವಿಲ್ಲ. ಅರ್ಧ ಬೆಲೆಯ ಸೇಲಿಗೆ ಹಬ್ಬ ಹಬ್ಬ ಕಾದ. 2024ರಲ್ಲಿ ಅದನ್ನು ಮಾಡುವ ಕಂಪನಿಯನ್ನು ಕ್ಯಾನ್ವಾ ಕೊಂಡಿತು, 2025ರ ಅಕ್ಟೋಬರಿನಲ್ಲಿ ಎಲ್ಲರಿಗೂ ಉಚಿತ ಅಂದುಬಿಟ್ಟಿತು. ಅವತ್ತು ಅವನನ್ನು ನೋಡಬೇಕಿತ್ತು. ಕಾದು ಕಾದು ನಿಶ್ಚಯಿಸಿದ ಹೆಣ್ಣಿನ ಕಡೆಯವರು ವರದಕ್ಷಿಣೆಯ ಜೊತೆಗೆ ಕಾರನ್ನೂ ಕೊಡುತ್ತೇವೆ ಅಂದಾಗ ಹುಡುಗನ ಅಪ್ಪನಿಗೆ ಹುಟ್ಟುವ ಅನುಮಾನವೇ ಇವನಿಗೂ ಹುಟ್ಟಿತು. ಆಸೆ ಅಲ್ಲಿಗೇ ಕೈಬಿಟ್ಟ.

ಇತ್ತ ಫ್ಲೆಕ್ಸ್ ಅಂಗಡಿಯ ಹುಡುಗ 2002ರ ಫೋಟೋಶಾಪ್ ಏಳರಲ್ಲಿ (ಅದು ಅವನ ಕಂಪ್ಯೂಟರಿಗೆ ಹೇಗೆ ಬಂತು ಎಂದು ಕೇಳುವುದು ಸಭ್ಯತೆಯಲ್ಲ) ಬೆಳಗಿನಿಂದ ಸಂಜೆಯೊಳಗೆ ಮೂರು ಪಕ್ಷದ ಮುಖಂಡರನ್ನು ಬೆಳ್ಳಗೆ ಮಾಡಿ ಕಳಿಸುತ್ತಾನೆ. ಹಿಂದೆ ಸ್ಟುಡಿಯೋದವರು ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿಯೇ ಮೊಡವೆ ಮುಚ್ಚುತ್ತಿದ್ದರು. ಹೊಸಬನಿಗೆ ಬೇಕಾದುದು ಬೆಳಕು ಏರಿಸಿ ಇಳಿಸುವುದು, ಓರೆಯಾದದ್ದನ್ನು ನೆಟ್ಟಗೆ ಮಾಡುವುದು, ಅಂಚು ಕತ್ತರಿಸುವುದು, ಬಣ್ಣ ತಿದ್ದುವುದು. ನನ್ನನ್ನು ಕೇಳಿದರೆ, ಮೊದಲ ವರ್ಷಕ್ಕೆ ಇಷ್ಟು ಧಾರಾಳ.

ಮೊನ್ನೆ ಚನ್ನಪಟ್ಟಣದ ಗೊಂಬೆ ಮಾಡುವ ಅಜ್ಜನೊಬ್ಬ ಟ್ರಯಲ್ ಅಣ್ಣನಿಗೆ ಸಿಕ್ಕಿಬಿದ್ದ. ಆನ್‌ಲೈನಿನಲ್ಲಿ ಮಾರಲು ಮರದ ಕುದುರೆಯ ಚಿತ್ರ ಬೇಕಿತ್ತು. ಅರಗಿನ ಹೊಳಪಿನ ಮೇಲೆ ಕಿಟಕಿಯ ಬೆಳಕು ಬಿದ್ದು ಕುದುರೆಯ ಬೆನ್ನು ಬೆಳ್ಳಗೆ ಸುಟ್ಟಂತೆ ಕಾಣುತ್ತಿತ್ತು. ಟ್ರಯಲ್ ಅಣ್ಣ ರಾ ಫೈಲು, ಡಾರ್ಕ್‌ಟೇಬಲ್ಲು, ಮಾನಿಟರ್ ಕ್ಯಾಲಿಬ್ರೇಶನ್ನು ಎಂದು ಒಂದು ಹರಿಕಥೆ ಮಾಡಿದ. ಅಜ್ಜ ಹೂಂಗುಟ್ಟುತ್ತಿದ್ದ. ಅಷ್ಟರಲ್ಲಿ ಒಂಬತ್ತನೇ ಕ್ಲಾಸಿನ ಮೊಮ್ಮಗಳು ಕಿಟಕಿಗೆ ಬಿಳಿ ಪಂಚೆ ಅಡ್ಡ ಕಟ್ಟಿ, ಫೋನಿನಲ್ಲಿ ಇನ್ನೊಂದು ಫೋಟೋ ತೆಗೆದು, ಸ್ನ್ಯಾಪ್‌ಸೀಡಿನಲ್ಲಿ ಎರಡು ಸಲ ಬೆರಳಾಡಿಸಿ ತಾತನ ಕೈಗಿಟ್ಟಳು. ಕೆಂಪು ಕೆಂಪಾಗಿತ್ತು, ಹಳದಿ ಹಳದಿಯಾಗಿತ್ತು.

ಟ್ರಯಲ್ ಅಣ್ಣ ಫೋನು ಇಸಕೊಂಡು ಹಿಗ್ಗಿಸಿ ನೋಡಿದ, ಕುಗ್ಗಿಸಿ ನೋಡಿದ.

"ಚೆನ್ನಾಗೈತೆ ಕಣವ್ವ. ನಂಗೂ ಒಂದು ಕಳ್ಸು. ಸಾಫ್ಟ್‌ವೇರ್ ತಗೊಂಡ ಮೇಲೆ ಸರಿ ಮಾಡಿ ಕೊಡ್ತೀನಿ."