ಕತ್ತು ನೋಯಿಸುವ ಪತಂಗ

ಪತಂಗದ ಗುರುತು ರೆಕ್ಕೆಯ ಬಣ್ಣದಲ್ಲಿದೆ ಎಂದು ನಂಬಿದವರನ್ನು ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಬರ್ಚ್ ಕಾಡಿಗೆ ಕಳಿಸಬೇಕು. ಅಲ್ಲಿ ‘ಆರೆಂಜ್ ಅಂಡರ್‌ವಿಂಗ್’ ಎಂಬ ಪತಂಗ ರಾತ್ರಿಯ ದೀಪದ ಗೊಡವೆಗೇ ಹೋಗದೆ ಹಾಡಹಗಲಲ್ಲಿ, ಅದೂ ಬಿಸಿಲಿದ್ದರಷ್ಟೇ, ಮರದ ನೆತ್ತಿಯಲ್ಲಿ ಸುತ್ತುತ್ತಿರುತ್ತದೆ. ಹೆಸರಿಗೆ ಕಾರಣವಾದ ಕಿತ್ತಳೆ ಬಣ್ಣವಿರುವುದು ಹಿಂದಿನ ರೆಕ್ಕೆಯಲ್ಲಿ. ಕೂತಿತೋ, ಕಂದು ಬಣ್ಣದ ಮುಂದಿನ ರೆಕ್ಕೆ ಅದನ್ನು ಮುಚ್ಚಿಬಿಡುತ್ತದೆ, ಹೊಸ ರೇಷ್ಮೆ ಸೀರೆಯ ಮೇಲೆ ಹಳೇ ಶಾಲು ಹೊದ್ದ ಹಾಗೆ. ಹಾರುವಾಗ ನಿಲುಕದು, ಕೂತಾಗ ಕಾಣದು. ಬಣ್ಣ ನೋಡಿ ಎಂದರೆ ಯಾವಾಗ ನೋಡುವುದು? ಹಾಗಾಗಿ ಮೊದಲು ಮರ ಯಾವುದು, ತಿಂಗಳು ಯಾವುದು ಎಂದು ವಿಚಾರಿಸುವುದೇ ಜಾಣತನ ಎಂಬುದು ನನ್ನ ವಾದ.

ಇದಕ್ಕೆ ಸಾಕ್ಷಿ ಹುಳುವಿನ ಹೊಟ್ಟೆ. ತಾಯಿ ಮೊಟ್ಟೆಯಿಡುವುದು ಬರ್ಚ್ ಕಡ್ಡಿಗಳ ಮೇಲೆ. (ನಮ್ಮವರು ತೊಗಟೆ ಸುಲಿದು ಗ್ರಂಥ ಬರೆದ ಹಿಮಾಲಯದ ಭೂರ್ಜವೂ ಇದೇ ಕುಲದ್ದು, ಈ ಹುಳುವಿಗೆ ಮಾತ್ರ ಓದಿಗಿಂತ ಊಟವೇ ಮುಖ್ಯ.) ಮರಿಹುಳು ಮೊದಲು ಜೋಲುವ ಹೂಗೊಂಚಲನ್ನು ತಿಂದು, ಆಮೇಲೆ ಎಲೆಗೆ ಬಾಯಿ ಹಾಕುತ್ತದೆ. ಹೂ ಉದುರುವ ಮೊದಲೇ ಮರಿ ಹುಟ್ಟಬೇಕಾದರೆ ತಾಯಿಗೆ ಮಾರ್ಚ್, ಏಪ್ರಿಲ್ ಬಿಟ್ಟರೆ ಗತಿಯಿಲ್ಲ. ತಿಂದು ಬೆಳೆದ ಹುಳು ಮೆತ್ತನೆಯ ತೊಗಟೆಯಲ್ಲೋ ಕೊಳೆತ ಮರದಲ್ಲೋ ಸೇರಿ ಕೋಶವಾಗುತ್ತದೆ, ಚಳಿಗಾಲವನ್ನು ಅಲ್ಲೇ ಕಳೆಯುತ್ತದೆ. ಆಗಸ್ಟಿನಲ್ಲಿ ಕಂಡೆ ಎಂದವರ ಜೊತೆ ಬಣ್ಣದ ಚರ್ಚೆಯೇ ಬೇಡ.

ಮಾರ್ಚ್ ಬಿಸಿಲಿಗೆ ಕೆಂಪು-ಕಿತ್ತಳೆಯ ಚಿಟ್ಟೆಗಳೂ ಏಳುತ್ತವಲ್ಲ ಎನ್ನಬಹುದು. ಏಳುತ್ತವೆ, ಆದರೆ ಚಳಿಗಾಲ ಮುಗಿಸಿ ಬಂದ ಟಾರ್ಟಾಯ್ಸ್‌ಶೆಲ್ ಚಿಟ್ಟೆಗೆ ಬರ್ಚ್ ನೆತ್ತಿಯಲ್ಲಿ ಗಂಟೆಗಟ್ಟಲೆ ಸುತ್ತುವ ಹರಕೆಯೇನೂ ಇಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪವೆಂದರೆ ‘ಲೈಟ್ ಆರೆಂಜ್ ಅಂಡರ್‌ವಿಂಗ್’ ಎಂಬ ದಾಯಾದಿ. ಅದೇ ಬಣ್ಣ, ಅದೇ ಹಗಲು ಸಂಚಾರ, ತುಸು ತಡವಾದ ಋತು. ಅದರ ಮರ ಮಾತ್ರ ಆಸ್ಪೆನ್. ಎರಡು ಮರಗಳೂ ಒಂದೇ ಕಡೆ ಬೆಳೆದಿದ್ದರೆ ನನ್ನ ವಾದ ಕುಂಟುತ್ತದೆ, ಒಪ್ಪಿದೆ. ಆಗಲೂ ಬಣ್ಣ ಕೈಹಿಡಿಯುವುದಿಲ್ಲ. ಗಂಡಿನ ಮೀಸೆಯನ್ನೇ ನೋಡಬೇಕು. ದಾಯಾದಿಯದು ತುಸು ಹಕ್ಕಿಗರಿಯಂತಿರುತ್ತದೆ, ಇದರದು ಬರೀ ಎಳೆ. ಮಧ್ಯಾಹ್ನ ಕಳೆದ ಮೇಲೆ ವಿಲ್ಲೋ ಹೂವಿನ ಮಕರಂದಕ್ಕೆ ಕೆಳಗಿಳಿದರೆ ಮೀಸೆ ಕಂಡೀತು.

ಇನ್ನು ತಿಂಗಳನ್ನು ನಂಬುವವರಿಗೂ ಈ ಹುಳು ಒಂದು ತಮಾಷೆ ಇಟ್ಟಿದೆ. ಕೆಲವು ಕೋಶಗಳು ಒಂದು ಚಳಿಗಾಲ ಸಾಲದೆಂದು ಇನ್ನೊಂದನ್ನೂ ಮಲಗಿಯೇ ಕಳೆದು, ಮರುವರ್ಷ ಹೊರಬರುತ್ತವೆ. ಆಗಲೂ ಮಾರ್ಚಿಗೇ.