ಮೂಗುಗಳ ವರ್ಗೀಕರಣ: ಒಂದು ತಜ್ಞ ಟಿಪ್ಪಣಿ

ಗಾಳಿಗೆ ಗಡಿಯಿಲ್ಲವೆಂದು ಬೆಳುಗುಪ್ಪದ ಕಟ್ಟೆಯ ಮೇಲೆ ಕೂತವರು ಇನ್ನೂ ನಂಬಿದ್ದಾರೆ. ಆಂಧ್ರ-ಕರ್ನಾಟಕದ ಗಡಿಯಲ್ಲೇ ಹುಟ್ಟಿ ಬೆಳೆದವರು ಹೀಗೆ ಮಾತಾಡಬಾರದು. ಗಾಳಿಗೆ ಗಡಿಯಿದೆ. ಅದು ಸರಿಯಾಗಿ 10 ಕಿಲೋಮೀಟರ್.

ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಹೊಗೆಯಲ್ಲಿ ಸಲ್ಫರ್ ಡೈಆಕ್ಸೈಡ್ ಇಷ್ಟೇ ಇರಬೇಕೆಂದು ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರ್‌ನಲ್ಲಿ ಮಿತಿ ಹಾಕಿತು. ಗಡುವು ಎರಡು ವರ್ಷ. ಸುಣ್ಣಕಲ್ಲಿನ ನೀರಿನಲ್ಲಿ ಹೊಗೆ ತೊಳೆಯುವ ಯಂತ್ರ ಕೂರಿಸಬೇಕು, ಅಷ್ಟೆ. ಆದರೆ ಗಡುವನ್ನು ಮಾಗಲು ಬಿಡಬೇಕು. 2017 ಹೋಗಿ 2022 ಬಂತು. 2021ರಲ್ಲಿ, 2022ರಲ್ಲಿ, 2024ರಲ್ಲಿ ಮತ್ತೆ ಮತ್ತೆ ಮುಂದಕ್ಕೆ ಹೋಯಿತು. 2025ರ ಜುಲೈ 11ರ ಅಧಿಸೂಚನೆಯಲ್ಲಿ ನೂರಕ್ಕೆ ಸುಮಾರು 78 ಘಟಕಗಳಿಗೆ ಆ ಮಿತಿಯೇ ಇಲ್ಲವಾಯಿತು. ನಡುವೆ ದುಡ್ಡು ಸುರಿದು ಯಂತ್ರ ಕೂರಿಸಿದ ಕೆಲವು ಸ್ಥಾವರಗಳೂ ಇವೆ. ತಾಳ್ಮೆಯಿಲ್ಲದವರು.

ದೆಹಲಿ ರಾಜಧಾನಿ ಪ್ರದೇಶದಿಂದಲೋ ಹತ್ತು ಲಕ್ಷ ಜನರಿರುವ ನಗರದಿಂದಲೋ 10 ಕಿಲೋಮೀಟರ್ ಒಳಗಿನ ಸ್ಥಾವರ ‘ಎ’ ವರ್ಗ. 2027ರ ಕೊನೆಯೊಳಗೆ ಹೊಗೆ ತೊಳೆಯಲೇಬೇಕು. ಮಾಲಿನ್ಯಕ್ಕೆ ಈಗಾಗಲೇ ಹೆಸರಾದ ಊರುಗಳ ಪಕ್ಕದ್ದು ‘ಬಿ’, ಒಂದೊಂದನ್ನೇ ಪರಿಶೀಲಿಸುತ್ತಾರಂತೆ. ಮಿಕ್ಕಿದ್ದು ‘ಸಿ’, ಚಿಮಣಿಯ ಎತ್ತರ ಸರಿಯಿದ್ದರೆ ಸಾಕು, ಅದಕ್ಕೂ 2029ರ ಕೊನೆಯವರೆಗೆ ಪುರುಸೊತ್ತಿದೆ.

ಈ ಸೂತ್ರವನ್ನು ನಾನು ಮೂಗುಗಳಿಗೆ ಅನ್ವಯಿಸಿದ್ದೇನೆ. ಬೆಂಗಳೂರಿನ ಮೂಗು ‘ಎ’. ರಾಯದುರ್ಗ, ಮಡಕಶಿರಾ, ಬೆಳುಗುಪ್ಪದ ಮೂಗುಗಳು ನಿಸ್ಸಂಶಯವಾಗಿ ‘ಸಿ’. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ ಎಂಬುದು ಸರಕಾರದ ಸಮರ್ಥನೆ, ನಿಜವೇ. ಹಾಗಾದರೆ ಕುಡತಿನಿಯ 1700 ಮೆಗಾವಾಟ್ ಸ್ಥಾವರ ಸುಡುವ ರಾಶಿಯಲ್ಲಿ ಒಟ್ಟು ಗಂಧಕವೆಷ್ಟು ಎಂದು ಕೆಲವರು ಕೇಳುತ್ತಾರೆ. ಗುಣಾಕಾರ ಬಲ್ಲವರಿಂದ ದೇಶಕ್ಕೆ ಇಂಥ ತೊಂದರೆಗಳಿವೆ. ಸಲ್ಫರ್ ಡೈಆಕ್ಸೈಡ್ ಆಕಾಶದಲ್ಲಿ ಸೂಕ್ಷ್ಮ ಕಣವಾಗಿ ನೂರಾರು ಕಿಲೋಮೀಟರ್ ಸಾಗುತ್ತದೆ ಎನ್ನುವವರೂ ಇದ್ದಾರೆ. ಅದಕ್ಕಾಗಿಯೇ ಎತ್ತರದ ಚಿಮಣಿ: ಹೊಗೆ ದೂರ ಹೋದಷ್ಟೂ ಯಾರದೆಂದು ಹೇಳಲಾಗದು.

ಜೈಲಿನ ಭಯವೂ ಬೇಡ. 1981ರ ವಾಯು ಕಾಯ್ದೆಯ ಬಹುತೇಕ ಉಲ್ಲಂಘನೆಗಳಿಗೆ ಈಗ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಸಾಕು. 2023ರಲ್ಲಿ ಸಂಸತ್ತೇ ‘ಜನ ವಿಶ್ವಾಸ’ ಕಾಯ್ದೆಯಿಂದ ತಿದ್ದಿಕೊಟ್ಟಿದೆ.

ಬೆಳುಗುಪ್ಪದ ಸುತ್ತಲಿನ ಗಾಳಿಯಂತ್ರಗಳಿಗೆ ಮಾತ್ರ ಇದರಲ್ಲಿ ಯಾವ ವಿನಾಯಿತಿಯೂ ದೊರೆತಿಲ್ಲ. ಚಿಮಣಿಯನ್ನೇ ಕಟ್ಟದವರಿಗೆ ಸರಕಾರ ಏನು ತಾನೇ ಮಾಡೀತು?

ಮೂಗಿಗೆ ‘ಎ’ ವರ್ಗಕ್ಕೆ ಬಡ್ತಿ ಬಯಸುವವರು ಊರಿನ ಜನಸಂಖ್ಯೆಯನ್ನು ಹತ್ತು ಲಕ್ಷಕ್ಕೆ ಏರಿಸಬೇಕು. ಆದರೆ ಪರಿಗಣಿಸುವುದು 2011ರ ಜನಗಣತಿಯನ್ನು; ಆದ್ದರಿಂದ ಬೆಳುಗುಪ್ಪದವರು ಈಗ ಅವಸರ ಮಾಡಿ ಪ್ರಯೋಜನವಿಲ್ಲ.