ಹಿಪ್ಪರಗಿ ಸೀಮೆಯ ಸೂಕ್ಷ್ಮಾಭ್ಯಾಸಗಳು: ಒಂದು ಅಂತರ್‌ಶಿಸ್ತೀಯ ಮೀಮಾಂಸೆ

ಪ್ರಸ್ತಾವನೆ

ಕೃಷ್ಣಾ ಕೊಳ್ಳದ ಹಿಪ್ಪರಗಿ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳನ್ನೊಳಗೊಂಡ ಈ ಭೂಭಾಗದಲ್ಲಿ ಮನುಷ್ಯರು ಬಹುಕಾಲದಿಂದ ಬಾಳುತ್ತಿದ್ದರೂ ಅವರಿಗೆ ಅಭ್ಯಾಸಗಳೆಂಬುವು ಇರಲಿಲ್ಲವೆಂದು ಇತ್ತೀಚಿನ ಕಾರ್ಯಾಗಾರಗಳು ಸಾಬೀತುಪಡಿಸಿವೆ. ಏಳುತ್ತಿದ್ದರು, ನೇಯುತ್ತಿದ್ದರು, ಕಬ್ಬಿಗೆ ನೀರು ಹಾಯಿಸುತ್ತಿದ್ದರು, ರೊಟ್ಟಿ ಬಡಿಯುತ್ತಿದ್ದರು. ಇವನ್ನೆಲ್ಲ ಯೋಜನಾಪೂರ್ವಕ ಸೂಕ್ಷ್ಮಾಭ್ಯಾಸ ಸಂವರ್ಧನೆಯ ಪರಿಪ್ರೇಕ್ಷ್ಯದಲ್ಲಿ ಮಾಡುತ್ತಿರಲಿಲ್ಲ, ಸುಮ್ಮನೆ ಮಾಡುತ್ತಿದ್ದರು. ಕೋಟು ತೊಟ್ಟ ತರಬೇತುದಾರರೊಬ್ಬರು ಈ ಕೊರತೆಯನ್ನು ಪರದೆಯ ಮೇಲೆ ಬಣ್ಣದ ಬಾಣಗಳ ಸಮೇತ ತೋರಿಸಿದ ಮೇಲೆ ನಮಗೂ ನಾಚಿಕೆಯಾಯಿತು. ಪ್ರಸ್ತುತ ಪ್ರಬಂಧ ಆ ನಾಚಿಕೆಯ ಅನುಸಂಧಾನ.

ವ್ಯಾಖ್ಯೆ

ಪೂರ್ವನಿಗದಿತ ದೇಶಕಾಲ ಸಂದರ್ಭದಲ್ಲಿ ಪ್ರಚೋದಕ-ಕ್ರಿಯಾ-ಪ್ರತಿಫಲ ತ್ರಿಕೂಟದ ಪೌನಃಪುನಿಕ ಆವರ್ತನೆಯಿಂದ ಸಿದ್ಧಿಸುವ ಅಪ್ರಯತ್ನಪೂರ್ವಕ ವರ್ತನಾ ಸ್ಥಿರೀಕರಣವೇ ಸೂಕ್ಷ್ಮಾಭ್ಯಾಸ. ಉದಾಹರಣೆ: ಹಲ್ಲುಜ್ಜುವುದು. ಪೌನಃಪುನ್ಯವೂ ಆವರ್ತನೆಯೂ ಒಂದೇ ಅಲ್ಲವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಒಂದನ್ನೇ ಎರಡು ಸಲ ಹೇಳದಿದ್ದರೆ ಅದಕ್ಕೆ ಶಾಸ್ತ್ರವೆಂಬ ಮರ್ಯಾದೆ ಬರುವುದಿಲ್ಲ.

ಇಪ್ಪತ್ತೊಂದರ ಪ್ರಮಾಣ

ಯಾವ ಅಭ್ಯಾಸವಾದರೂ 21 ದಿನಗಳಲ್ಲಿ ಕೈಗೂಡುತ್ತದೆ ಎಂಬುದು ಈ ಶಾಸ್ತ್ರದ ಮೂಲಮಂತ್ರ. ತರಬೇತುದಾರರು ಇದನ್ನು ‘ಮೆದುಳಿನ ವಿಜ್ಞಾನ’ ಎಂದರು. ವಂಶಾವಳಿ ಹುಡುಕಿದರೆ ಸಿಗುವವನು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಮೂಗು ತಿದ್ದಿಸಿಕೊಂಡವರು ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆಯೆಂದರೂ ಸುಮಾರು 21 ದಿನ ಬೇಕು ಎಂದು ಅವನು 1960ರ ಪುಸ್ತಕವೊಂದರಲ್ಲಿ ಬರೆದಿದ್ದ. ‘ಕಡಿಮೆಯೆಂದರೂ’ ಎಂಬುದು ದಾರಿಯಲ್ಲೆಲ್ಲೋ ಉದುರಿತು, ‘ಸುಮಾರು’ ಅದರ ಹಿಂದೆಯೇ ಹೋಯಿತು, ಮೂಗೂ ಬಿತ್ತು. ಬರೀ 21 ಮಾತ್ರ ರಬಕವಿ ಮುಟ್ಟಿತು.

ಲಂಡನ್ನಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಹಿಂಬಾಲಿಸಿ ನಿಜವಾಗಿಯೇ ಲೆಕ್ಕ ಹಾಕಿದರು. ಊಟದ ಜೊತೆ ಒಂದು ಲೋಟ ನೀರು ಕುಡಿಯುವಂಥ ಸಣ್ಣ ಸಂಗತಿಗಳು. ಮೈಗೂಡಲು ನಡುಮಟ್ಟದಲ್ಲಿ 66 ದಿನ; ಒಬ್ಬರಿಗೆ 18, ಮತ್ತೊಬ್ಬರಿಗೆ ಅಂದಾಜಿನಲ್ಲಿ 254. ನಡುವೆ ಒಂದು ದಿನ ತಪ್ಪಿದರೆ ಆಕಾಶವೇನೂ ಬೀಳಲಿಲ್ಲ. ಇಂಥ ತಾಳ್ಮೆಯ ಮಾತಿಗೆ ಬಣ್ಣದ ಬಾಣ ಹಾಕಲು ಬರುವುದಿಲ್ಲ, ಹಾಗಾಗಿ ಪರದೆಯ ಮೇಲೆ ಅದಕ್ಕೆ ಜಾಗವಿರಲಿಲ್ಲ.

ಶೇಕಡಾ ಒಂದರ ಪ್ರಮೇಯ

ದಿನಕ್ಕೆ ಶೇ. 1ರಷ್ಟು ಸುಧಾರಿಸಿದರೆ ವರ್ಷದ ಕೊನೆಗೆ ಮನುಷ್ಯ 37 ಪಟ್ಟು ಬೆಳೆಯುತ್ತಾನೆ. ಗಣಿತ ಸರಿಯಾಗಿದೆ. ಪ್ರಮೇಯವನ್ನು ಬನಹಟ್ಟಿಯ ಕೈಮಗ್ಗವೊಂದಕ್ಕೆ ಅನ್ವಯಿಸೋಣ. ಈ ದೀಪಾವಳಿಗೆ ದಿನಕ್ಕೊಂದು ಸೀರೆ ನೇಯುವ ನೇಕಾರ ಬರುವ ದೀಪಾವಳಿಗೆ ದಿನಕ್ಕೆ 37 ಸೀರೆ ಇಳಿಸುತ್ತಾನೆ. ಲಾಳಿ ಕಣ್ಣಿಗೆ ಕಾಣಿಸದಷ್ಟು ಜೋರಾಗಿ ಓಡಾಡುತ್ತದೆ, ಕಂಡಿಕೆ ಸುತ್ತುವ ಮನೆಯ ಹೆಂಗಸರು ಗಾಳಿಯಲ್ಲಿ ತೇಲುತ್ತಾರೆ. ಕೂಲಿ ಮಾತ್ರ ಪ್ರಮೇಯಕ್ಕೆ ಒಳಪಡುವುದಿಲ್ಲ, ಅದು ಸ್ಥಿರಾಂಕ.

ವರ್ಗೀಕರಣ

ಈ ಸೀಮೆಯ ಅಭ್ಯಾಸಗಳನ್ನು ಏಳು ವರ್ಗ, ಇಪ್ಪತ್ತೊಂದು ಉಪವರ್ಗಗಳಾಗಿ ವಿಂಗಡಿಸಲಾಗಿದೆ.

(ಅ) ನೇಮಾಧೀನ. ಇಂಚಗೇರಿ ಸಂಪ್ರದಾಯದವರು ದಿನನಿತ್ಯದ ಧ್ಯಾನಕ್ಕೆ ‘ನೇಮ’ ಎನ್ನುತ್ತಾರೆ. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆ ಶಾಲಾ ಹುಡುಗನಾಗಿದ್ದಾಗಲೇ, 1901ರಲ್ಲಿ, ಉಮದಿಯ ಭಾವೂಸಾಹೇಬ ಮಹಾರಾಜರಿಂದ ನಾಮ ಪಡೆದು ನೇಮಕ್ಕೆ ಕುಳಿತರು. ಮುಂದೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದರು, ಅಲಹಾಬಾದ್ ವಿಶ್ವವಿದ್ಯಾಲಯದ ಕುಲಪತಿಗಳಾದರು, ನಿಂಬಾಳದಲ್ಲಿ 1957ರಲ್ಲಿ ತೀರಿಕೊಳ್ಳುವವರೆಗೂ ನೇಮ ಬಿಡಲಿಲ್ಲ. ಇಪ್ಪತ್ತೆರಡನೆಯ ದಿನ ಅವರಿಗೆ ಯಾರೂ ಪ್ರಮಾಣಪತ್ರ ಕೊಟ್ಟ ದಾಖಲೆ ಇಲ್ಲ. ಹೊಲದಿಂದ ಬಂದು ಕೈಕಾಲು ತೊಳೆದು ಇದೇ ನೇಮಕ್ಕೆ ಕೂಡುವ ಒಕ್ಕಲುಮಕ್ಕಳು ಈಗಲೂ ಇದ್ದಾರೆ. ಯಾಕೆ ಮಾಡುತ್ತೀರಿ ಎಂದರೆ ‘ನೇಮ ಐತ್ರಿ’ ಎನ್ನುತ್ತಾರೆ. ಪ್ರತಿಫಲದ ಕಾಲಂ ಖಾಲಿ ಉಳಿಯುವುದರಿಂದ ಈ ದತ್ತಾಂಶವನ್ನು ಕೈಬಿಡಲಾಗಿದೆ.

(ಆ) ಗರಡ್ಯಧೀನ. ನಸುಕಿನಲ್ಲಿ ಎದ್ದು ಕೆಮ್ಮಣ್ಣಿಗೆ ನಮಸ್ಕರಿಸಿ ದಂಡ, ಬೈಠಕ್ ಹೊಡೆಯುವುದು. ಲೆಕ್ಕವನ್ನು ವಸ್ತಾದರು ಬಾಯಲ್ಲೇ ಇಡುತ್ತಾರೆ, ಮೊಬೈಲು ಮಣ್ಣಿಗೆ ಆಗಿಬರುವುದಿಲ್ಲ.

(ಇ) ವಿದ್ಯುದಧೀನ. ಇಲ್ಲಿ ಪ್ರಚೋದಕವು ಕರೆಂಟು, ಕ್ರಿಯೆ ಪಾವರ್‌ಲೂಮ್, ಪ್ರತಿಫಲವು ವಾರದ ಬಟವಾಡೆಯಲ್ಲಿ ಹಳೇ ಬಾಕಿ ಮುರಿದುಕೊಂಡು ಕೈಗೆ ಬರುವ ಉಳಿಕೆ. ರೈತರಲ್ಲಿ ಇದೇ ವರ್ಗದ ಉಪಭೇದವೊಂದುಂಟು: ತ್ರೀ ಫೇಸ್ ರಾತ್ರಿ ಪಾಳಿಗೆ ಬಿದ್ದಾಗ ಬ್ಯಾಟರಿ ಹಿಡಿದು, ಹಾವು ಹುಳ ನೋಡುತ್ತ ಪಂಪು ಚಾಲೂ ಮಾಡಲು ಹೋಗುವುದು. ನಿದ್ದೆಯ ಶಿಸ್ತಿನ ಕುರಿತ ಸ್ಲೈಡಿಗೆ ಇದು ಹೊಂದುವುದಿಲ್ಲ.

(ಈ) ಇದೂ, ಉಳಿದ ಮೂರೂ, ಅವುಗಳ ಉಪವರ್ಗಗಳೂ ಹಾಳಾಗಿ ಹೋಗಲಿ. ನಡೆದದ್ದು ಹೇಳುತ್ತೇನೆ.

ಪ್ರಶ್ನೋತ್ತರ

ಕಾರ್ಯಾಗಾರದ ಕೊನೆಗೆ ಎಲ್ಲರಿಗೂ ಒಂದೊಂದು ಡೈರಿ ಹಂಚಿದರು. ಪುಟಕ್ಕೆ ಇಪ್ಪತ್ತನಾಲ್ಕು ಗೆರೆ, ಗೆರೆಗೊಂದು ಗಂಟೆ. ಹಿಂದಿನ ಸಾಲಿನಿಂದ ಮಗ್ಗದ ಮನೆಯ ಅಜ್ಜಿಯೊಬ್ಬಳು ಎದ್ದು ಕೇಳಿದಳು: “ತಮ್ಮಾ, ನೀ ಹೇಳಿದ್ದೆಲ್ಲಾ ಖರೇನ ಐತಿ. ಕರೆಂಟ ಎಷ್ಟ್ ಹೊತ್ತಿಗೆ ಬರತೈತಿ ಅಷ್ಟ ಹೇಳು. ಎಷ್ಟ್ ಹೊತ್ತಿಗೆ ಏಳಬೇಕು ಅನ್ನೂದು ನನಗ ಗೊತ್ತೈತಿ.”

“ಅಜ್ಜೀ, ಅದು ನಿಮ್ಮ ನಿಯಂತ್ರಣದ ವಲಯದ ಹೊರಗಿನ ವಿಷಯ. ವಲಯದ ಒಳಗಿನದನ್ನು ಮಾತ್ರ ಯೋಚಿಸಿ” ಎಂದರು ತರಬೇತುದಾರರು. ಚಪ್ಪಾಳೆಯೂ ಬಿತ್ತು.

ನನಗೆ ಸಿಟ್ಟು ಬಂದದ್ದು ಅಲ್ಲಿ. ಹೊತ್ತು ನಂಬಿಕೆಯದ್ದಾದರೆ ಅದಕ್ಕೆ ಏನನ್ನು ಬೇಕಾದರೂ ಕಟ್ಟಬಹುದು: ನೇಮ, ಸಾಮು, ಓದು, ದಿನಕ್ಕೆ ಹತ್ತು ರೂಪಾಯಿ ಉಳಿತಾಯ. ಆ ಹೊತ್ತನ್ನೇ ಯಾರೋ ಕಸಿದುಕೊಂಡು ಕೂತಿರುವಾಗ ಮನೋಬಲ ಸಾಲದು ಎಂದು ಅವಳಿಗೆ ಪಾಠ ಹೇಳುವುದು ಯಾವ ವಿಜ್ಞಾನ? ಆರು ತಿಂಗಳ ಮುಂದಿನದನ್ನು ಯೋಚಿಸಲು ನಮ್ಮವರಿಗೆ ಬರುವುದಿಲ್ಲವೆಂದು ಅಲ್ಲಿ ಹೇಳಲಾಯಿತು. ಆದರೆ ಇದೇ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ಸರ್ಕಾರದ ದಾರಿ ಕಾಯದೆ ತಾವೇ ವಂತಿಗೆ ಹಾಕಿ, ಮೈಮುರಿದು ದುಡಿದು ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ನೀರು ಇವತ್ತಿಗೂ ನಿಲ್ಲುತ್ತಿದೆ. ಯೋಚನೆ, ನಿತ್ಯದ ದುಡಿಮೆ, ಚೂರುಚೂರು ಕೂಡಿಸುವುದು, ಎಲ್ಲ ಅದರೊಳಗಿದೆ, ಡೈರಿಯೊಂದಿರಲಿಲ್ಲ.

ಅಭ್ಯಾಸ ಕಲಿಸಲೇಬೇಕೆಂಬ ಹಂಬಲವಿದ್ದರೆ ಕಲಿಯಬೇಕಾದವರು ಬೇರೆ ಇದ್ದಾರೆ. ಸಕ್ಕರೆ ಕಾರ್ಖಾನೆಗೆ ಕಬ್ಬು ಮುಟ್ಟಿದ 14 ದಿನದೊಳಗೆ ರೈತನಿಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಿಸಬೇಕು ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಮಾಲ್ಟ್ಸ್‌ನ 21 ದಿನ ಕಳೆದವು, ಲಾಲಿಯವರ 66 ಕಳೆದವು, 254ರ ಗಡಿಯೂ ದಾಟಿತು, ಸುಮಾರು ಆರು ದಶಕ ಸರಿದವು. ನಾಡಿನ ಎಷ್ಟೋ ಕಾರ್ಖಾನೆಗಳಿಗೆ ಈ ಒಂದು ಸಣ್ಣ ಅಭ್ಯಾಸ ಇನ್ನೂ ಮೈಗೂಡಿಲ್ಲ. ಅವರಿಗೆ ಯಾರೂ ಬಣ್ಣದ ಬಾಣ ತೋರಿಸಿದ್ದು ನಾನು ಕಾಣೆ. ಇತ್ತ ರೈತ ಕಟಾವಿನ ಗ್ಯಾಂಗು ಇವತ್ತು ಬಂದೀತು, ನಾಳೆ ಬಂದೀತು ಎಂದು ದಾರಿ ನೋಡುತ್ತ ಮಗಳ ಮದುವೆಯ ತಾರೀಖನ್ನು ಮುಂದಕ್ಕೆ ತಳ್ಳುತ್ತಾನೆ. ಅದನ್ನು ಡೈರಿಯ ಯಾವ ಗೆರೆಯಲ್ಲಿ ಬರೆಯಬೇಕು?

ಶಿಫಾರಸು

ಮುಂದಿನ ಕಾರ್ಯಾಗಾರಕ್ಕೆ ಬರುವವರು ಡೈರಿಯನ್ನು ಖಾಲಿ ತರಬಾರದು. ಕರೆಂಟಿನವರಿಂದ ಹೊತ್ತು, ಕಾರ್ಖಾನೆಯವರಿಂದ ಕಟಾವಿನ ದಿನ ಮತ್ತು ಬಿಲ್ಲಿನ ದಿನ, ಮಗ್ಗದ ಮಾಲೀಕರಿಂದ ಮುಂದಿನ ಮೂರು ತಿಂಗಳ ಕೂಲಿಯ ದರ, ಇಷ್ಟನ್ನು ಮೊದಲೇ ಬರೆಸಿ, ಸಹಿ ಮಾಡಿಸಿ ತರಬೇಕು. ಉಳಿದ ಗೆರೆಗಳನ್ನು ಅಜ್ಜಿ ತುಂಬಿಕೊಳ್ಳುತ್ತಾಳೆ. ಬರೆಯಲು ಬರದಿದ್ದರೆ ಮೊಮ್ಮಗಳಿದ್ದಾಳೆ.